ಮೀನು ನೋಡುವ ಮೊದಲು ಅಂಗಡಿ ನೋಡಿ

ಅಕ್ವೇರಿಯಂ ಮೀನಿನ ಅಂಗಡಿಗೆ ಹೋದ ತಕ್ಷಣ ಬಣ್ಣಕ್ಕೆ ಮರುಳಾಗಬೇಡಿ. ಐದು ನಿಮಿಷ ಸುಮ್ನೆ ನಿಂತು ಟ್ಯಾಂಕ್‌ಗಳನ್ನು ನೋಡಿ. ಸತ್ತ ಮೀನು ಒಂದು ಕಂಡರೆ ಅದು ಎಲ್ಲ ಕಡೆ ಆಗುವುದೇ, ಆದರೆ ಅದು ಉಬ್ಬಿಹೋಗಿ ಉಳಿದವು ಕಚ್ಚಿ ತಿನ್ನುತ್ತಿದ್ದರೆ, ಬೆಳಗಿನಿಂದ ಯಾರೂ ಆ ಕಡೆ ತಲೆ ಹಾಕಿಲ್ಲ ಅಂತಲೇ ಅರ್ಥ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ, ಮಡಚಿಕೊಂಡ ರೆಕ್ಕೆ, ಮೇಲೆ ಬಂದು ಬಾಯಿ ಬಿಡುವುದು, ಇದರಲ್ಲಿ ಒಂದು ಕಂಡರೂ ಆ ಟ್ಯಾಂಕ್‌ನ ಯಾವ ಮೀನೂ ಬೇಡ. ಚೆನ್ನಾಗಿ ಕಾಣುವುದೂ ಬೇಡ, ನೀರು ಒಂದೇ ಅಲ್ವಾ? ಕೆಲವು ಕಡೆ ಇಡೀ ಸಾಲಿಗೆ ಒಂದೇ ಫಿಲ್ಟರ್ ಇರುತ್ತದೆ, ಅಂದರೆ ಎಲ್ಲ ಟ್ಯಾಂಕ್‌ಗೂ ಅದೇ ನೀರು, ಅದನ್ನೂ ಕೇಳಿಕೊಳ್ಳಿ.

ಆಮೇಲೆ ಕೆಲಸದವರನ್ನು ಮಾತಿಗೆಳೆಯಿರಿ. "ಹೊಸ ಟ್ಯಾಂಕ್‌ಗೆ ಮೀನು ಯಾವಾಗ ಬಿಡಬಹುದು?" ಇದೊಂದು ಪ್ರಶ್ನೆ ಸಾಕು. "ಇವತ್ತೇ ಬಿಡಿ" ಅಂದರೆ ಹುಷಾರು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಅನ್ನುವ ವಿಷವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನನಗೆ ಒಬ್ಬರು ಪಾಚಿ ತಿನ್ನುತ್ತದೆ ಅಂತ ಬೆರಳುದ್ದದ ಪ್ಲೆಕೋ ಅನ್ನುವ ಮೀನು ಕೊಟ್ಟು ಕಳಿಸಿದ್ದರು, ಅದು 30 ಸೆಂ.ಮೀ. ದಾಟಿ ಬೆಳೆಯುತ್ತದೆ ಅನ್ನುವುದನ್ನು ಮಾತ್ರ ಹೇಳಲೇ ಇಲ್ಲ! "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನುವ ಹುಡುಗ ಸಿಕ್ಕರೆ ಆ ಅಂಗಡಿ ಬಿಡಬೇಡಿ.

ಬಲೆ ಹಾಕುವ ಮೊದಲು ಚೂರು ಆಹಾರ ಹಾಕಿಸಿ. ಓಡಿ ಬಂದು ತಿನ್ನುವ ಮೀನನ್ನೇ ಆರಿಸಿ. ತಂದ ಮೇಲೂ ನೇರ ಹಳೆಯ ಮೀನುಗಳ ಜೊತೆ ಬಿಡದೆ 2ರಿಂದ 4 ವಾರ ಬೇರೆ ಟ್ಯಾಂಕ್‌ನಲ್ಲಿಡಿ, ಅದಕ್ಕೆ ಬೇರೆಯೇ ಬಲೆ ಬಳಸಿ.