ಅತ್ತೆಯ ಎಲುಬು, ನನ್ನ ರಾಗಿ ಮೊಳಕೆ

ಲಿಂಗಸುಗೂರಿನಲ್ಲಿ ರಾಗಿ ಹಿಟ್ಟು ಮಾಡುತ್ತೇನೆ ಅಂದಾಗ ಮೊದಲು ನಕ್ಕಿದ್ದು ಗಿರಣಿಯವನು. "ಅಕ್ಕಾರ, ಇದು ರೊಟ್ಟಿ ಊರು. ರಾಗಿ ಮೈಸೂರು ಕಡೆಯವರಿಗೆ."

ಶುರು ಮಾಡಿದ್ದು ಮಾರೋಕಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ಸ್ಕ್ಯಾನ್‌ನಲ್ಲಿ ಎಲುಬಿನ ಗಟ್ಟಿತನ ಹೇಳುವ ಟಿ ಸ್ಕೋರ್ ಮೈನಸ್ 2.7, ಮೈನಸ್ ಜಾಸ್ತಿಯಾದಷ್ಟೂ ಎಲುಬು ಸೊರಗಿದೆ ಅಂತ. ಡಾಕ್ಟರು ಮಾತ್ರೆ ಬರೆದು ಹಾಲು ಕುಡಿಸಿ ಅಂದರು. ಅತ್ತೆಗೆ ಹಾಲಿನ ವಾಸನೆ ಬಂದರೇ ಓಕರಿಕೆ. ನಮ್ಮ ಜೋಳದಲ್ಲಿ 100 ಗ್ರಾಂಗೆ ಕ್ಯಾಲ್ಸಿಯಂ 25-30 ಮಿಲಿಗ್ರಾಂ, ರಾಗಿಯಲ್ಲಿ 340ರ ಮೇಲೆ. ರಾಗಿ ಅಂಬಲಿ ಬಿಟ್ಟು ಬೇರೆ ದಾರಿ ಇರಲಿಲ್ಲ.

ಆದರೆ ರಾಗಿ ಕಾಳಿನಲ್ಲೇ ಇರುವ ಫೈಟಿಕ್ ಆಮ್ಲ ಅನ್ನೋದು ಆ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಮೈಗೆ ಸುಲಭವಾಗಿ ಬಿಟ್ಟುಕೊಡಲ್ಲ. ಮೊಳಕೆ ಬರಿಸಿದರೆ ಹಿಡಿತ ಸಡಿಲ. ನಾನು ದುಡ್ಡು ಕಳಕೊಂಡಿದ್ದು ಇಲ್ಲೇ. ಏಪ್ರಿಲ್‌ನಲ್ಲಿ 10 ಕೆಜಿ ನೆನೆಸಿ ಒಂದೇ ಗಂಟು ಕಟ್ಟಿದೆ. ನಮ್ಮ ಬಿಸಿಲು ಗೊತ್ತಲ್ವಾ? ಬೆಳಗ್ಗೆ ಗಂಟಿನೊಳಗೆ ಕೈ ಇಟ್ಟರೆ ಬಿಸಿ, ಹುಳಿ ವಾಸನೆ. ಎಮ್ಮೆ ಪಾಲು. ಎರಡನೇ ಸಲ ನೀರು ಜಾಸ್ತಿಯಾಗಿ ಬೂಷ್ಟು ಹಿಡಿಯಿತು, ತಿಪ್ಪೆಗೆ ಹಾಕಿದೆ. ಮೂರನೇ ಸಲ ಮೊಳಕೆ ಚೆಂದ ಬಂತು, ಪೂರಾ ಒಣಗುವ ಮುಂಚೆಯೇ ಗಿರಣಿಗೆ ಒಯ್ದು ಕಲ್ಲಿಗೆಲ್ಲ ಮೆತ್ತಿಸಿ ಬೈಸಿಕೊಂಡೆ. ಸಾಗಣೆ ಸೇರಿ ಎರಡು ಸಾವಿರ ಹತ್ತಿರ ಹೋಯಿತು.

ಈಗ 2 ಕೆಜಿ ಗಂಟುಗಳು, 12 ತಾಸು ನೆನೆ, ನಡುವೆ ಎರಡು ಸಲ ನೀರು ಬದಲು. ಬೇರು ಇಣುಕಿದರೆ ಸಾಕು. ಕೊನೆಯ ನೀರಿಗೆ ಏನು ಹಾಕುತ್ತೇನೆ ಅಂತ ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಹಿಟ್ಟಿಗೆ ಎಳ್ಳು ಬೆರೆಸುವವರು ಒಂದು ನೋಡಿ. ಅದರ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ, ಅದೂ ಆಕ್ಸಲೇಟ್ ಅನ್ನೋ ಅಂಶದ ಜೊತೆ ಅಂಟಿಕೊಂಡದ್ದು, ಮೈಗೆ ಹತ್ತುವುದು ಕಮ್ಮಿ. ಪಾಲಕ್ ಪುಡಿಯದೂ ಇದೇ ಪಾಡು. ಪುಸ್ತಕದ ಅಂಕಿ ನೋಡಿ ಎರಡನ್ನೂ ಸುರಿದು ನಾನು ಬೀಗಿದ್ದೆ! ಈಗ ಎಳ್ಳು ರುಚಿಗಷ್ಟೇ. ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪು ಹಾಕುತ್ತೇನೆ. ಅದರಲ್ಲಿ ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಇದೆ, ಹಾಗಾಗಿ ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಡಾಕ್ಟರನ್ನು ಕೇಳದೆ ಕೊಡಲ್ಲ.

ನಡುವೆ ಹುಣಸೆ ಹುಚ್ಚೂ ಹಿಡಿದಿತ್ತು. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಕಾಟ, ಎಲುಬಿಗೆ ಅದೇ ಶತ್ರು. ಹುಣಸೆ ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಹೋಗಿದ್ದನ್ನು ಕಂಡಿದ್ದಾರೆ ಅಂತ ಓದಿ, ಅಂಬಲಿಗೆ ಹುಣಸೆ ಹಿಂಡಿದೆ. ಅತ್ತೆ ಒಂದು ಗುಟುಕು ಕುಡಿದು ಲೋಟ ನನ್ನ ಕೈಗೇ ಕೊಟ್ಟರು. ಹುಣಸೆ ಸಾರಿಗೇ ಇರಲಿ ಅಂತ ಬಿಟ್ಟೆ. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ತರಿಸಿದೆ.

ಎರಡು ವರ್ಷದ ಮೇಲೆ ಸ್ಕ್ಯಾನ್ ಮೈನಸ್ 2.4. ಮಾತ್ರೆಯ ಪಾಲೆಷ್ಟು, ಅಂಬಲಿಯ ಪಾಲೆಷ್ಟು ಅಂತ ಬಿಡಿಸೋಕಾಗಲ್ಲ. ಆದರೆ ದಿನಾ ಲೋಟ ಖಾಲಿ ಮಾಡಿಸಿದ್ದು ನಾನೇ, ಅಲ್ವಾ? ಈಗ ತಿಂಗಳಿಗೆ 40 ಕೆಜಿ ಹೋಗುತ್ತದೆ. ಕೆಜಿಗೆ 95 ರೂಪಾಯಿ ಖರ್ಚು, 180ಕ್ಕೆ ಕೊಡುತ್ತೇನೆ. ಗಿರಣಿಯವನೂ ಅವರವ್ವನಿಗೆ ಒಯ್ಯುತ್ತಾನೆ, ಅವನದು ಮಾತ್ರ ಉದ್ರಿ.