ಮನೆಯವರ ಮೇಲೆ ಕೇಸ್ ಆದಾಗ: ಮೊದಲು ಮಾತು ಕಡಿಮೆ ಮಾಡಿ, ಆಮೇಲೆ ಗಡಿಯಾರ ನೋಡಿ

ನಮ್ಮ ಬೀದಿಯ ಹುಡುಗನೊಬ್ಬನನ್ನು ಬೈಕ್ ಕಳ್ಳತನದ ಕೇಸಿನಲ್ಲಿ ಕರೆದುಕೊಂಡು ಹೋದ ರಾತ್ರಿ ನಾನೂ ಅವನ ಅಮ್ಮನ ಜೊತೆ ಸ್ಟೇಷನ್‌ಗೆ ಹೋಗಿದ್ದೆ. ಆಕೆ ಒಳಗೆ ಕಾಲಿಟ್ಟವರೇ ಕೈಮುಗಿದು, "ಸಾರ್, ನನ್ನ ಮಗ ಅಲ್ಲಿ ಸುಮ್ನೆ ನಿಂತಿದ್ದ ಅಷ್ಟೇ, ಗಾಡಿ ಮುಟ್ಟಿಲ್ಲ" ಅಂದರು. ಅಲ್ಲಿಯವರೆಗೆ ಅವನು ಆ ಜಾಗದಲ್ಲಿ ಇದ್ದ ಅಂತ ಯಾರೂ ಹೇಳಿರಲಿಲ್ಲ. ಮಗನನ್ನು ಬಿಡಿಸಲು ಹೋದ ತಾಯಿಯೇ ಆ ಮಾತನ್ನು ಕೊಟ್ಟು ಬಂದರು.

ಎಲ್ಲರೂ ಮಾಡುವ ತಪ್ಪು ಇದೇ. ನಿರಪರಾಧಿ ಅಂತ ಸ್ಟೇಷನ್‌ನಲ್ಲೇ ಸಾಬೀತು ಮಾಡಿಬಿಡೋಣ ಅಂತ ಹೊರಡುತ್ತೇವೆ. ಅದು ನಿಮ್ಮ ಕೆಲಸ ಅಲ್ಲ. ತಪ್ಪು ಮಾಡಿದ್ದಾನೆ ಅಂತ ತೋರಿಸಬೇಕಾದವರು ಪೊಲೀಸರು ಮತ್ತು ಸರ್ಕಾರಿ ವಕೀಲರು, ಅದೂ ಸಂಶಯಕ್ಕೆ ಜಾಗ ಇಲ್ಲದ ಹಾಗೆ, ಕೋರ್ಟಿನಲ್ಲಿ. ಸಾಕ್ಷ್ಯದಿಂದ ಎರಡು ಅರ್ಥ ಹೊರಡುತ್ತಿದ್ದರೆ ಆರೋಪಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಕಾಳಿರಾಮ್ ಕೇಸಿನಲ್ಲಿ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಮೊದಲು ಒಂದು ಪೆನ್ನು ತೆಗೆದುಕೊಳ್ಳಿ. ಎಷ್ಟು ಗಂಟೆಗೆ ಬಂದರು, ಎಷ್ಟು ಜನ, ಯಾವ ಸ್ಟೇಷನ್ ಅಂತ ಬರೆದಿಡಿ. ನಾನು ಅವತ್ತು ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ "ರಾತ್ರಿ 9.40" ಅಂತ ಬರೆದಿದ್ದೆ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ, ಯಾರ ಉಪಕಾರವೂ ಅಲ್ಲ. ಆದರೆ ಲೆಕ್ಕ ಶುರುವಾಗಿದ್ದು ಯಾವಾಗ ಅನ್ನೋದರ ಮೇಲೇ ಜಗಳ ಆಗೋದು. "ಬೆಳಗ್ಗೆ ಬಂಧಿಸಿದೆವು" ಅಂತ ಕಾಗದದಲ್ಲಿ ಬಂದರೆ ನಿಮ್ಮ ಆ ಬಿಲ್ಲಿಗೆ ಬೆಲೆ ಬರುತ್ತದೆ.

ಬಂಧನಕ್ಕೆ ಕಾರಣ ಏನು ಅಂತ ಬರಹದಲ್ಲಿ ಕೇಳಿ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಅದನ್ನು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಎಫ್‌ಐಆರ್ ಪ್ರತಿಯನ್ನು ಪೊಲೀಸ್ ವೆಬ್‌ಸೈಟಿನಲ್ಲಿ ನೋಡಿ. ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಕೇಸುಗಳದ್ದು ಅಲ್ಲಿ ಇರುವುದಿಲ್ಲ.

7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಕೇಸ್ ಆಯ್ತು ಅಂದ ಮಾತ್ರಕ್ಕೆ ಬಂಧಿಸುವ ಹಾಗಿಲ್ಲ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಬಂದಿದ್ದೇ ಈ ಚಾಳಿಗೆ ಕಡಿವಾಣ ಹಾಕಲು. ಬಂಧನದ ಅಗತ್ಯ ಇಲ್ಲ ಅಂದರೆ, ಬಂಧನ ಮತ್ತು ತನಿಖೆಯ ನಿಯಮಗಳಿರುವ ಕಾನೂನಾದ ಬಿಎನ್‌ಎಸ್‌ಎಸ್ 35ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಟ್ಟು ಕರೆಯಬೇಕು (ಸಿಆರ್‌ಪಿಸಿ ಹೋಗಿ ಇದು ಬಂದಿದ್ದು 2024ರ ಜುಲೈ 1ರಂದು). ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡಿ. ಹೇಳಿದ ದಿನ ಹೋಗಿ, ಹೋಗಿದ್ದಕ್ಕೆ ಗುರುತು ಇಟ್ಟುಕೊಳ್ಳಿ. ಹೋಗದೇ ಇದ್ದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ.

ಈಗ ಮಾತಿನ ವಿಷಯ. ಹೆಸರು, ವಿಳಾಸ ಹೇಳಿ. ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದೇ ಇರುವ ಹಕ್ಕು ಆರೋಪಿಗೆ ಇದೆ, ಅದು 20ನೇ ವಿಧಿಯ ಮೂರನೇ ಉಪವಿಧಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಆದರೆ ಆ ಮಾತಿನಿಂದ ಕದ್ದ ವಸ್ತು ಸಿಕ್ಕಿತು ಅಂದರೆ ಅಷ್ಟು ಭಾಗ ನಿಲ್ಲುತ್ತದೆ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ಇನ್ನೊಂದು ಜನಕ್ಕೆ ಗೊತ್ತೇ ಇರಲ್ಲ: ದೂರು ಕೊಟ್ಟವರಿಗೆ ವಾಟ್ಸ್ಆ್ಯಪ್‌ನಲ್ಲಿ "ತಪ್ಪಾಯ್ತು ಅಣ್ಣ, ಬಿಟ್ಟುಬಿಡಿ" ಅಂತ ಕಳಿಸಿದರೆ ಅದು ಪೊಲೀಸರಿಗೆ ಹೇಳಿದ ಮಾತಲ್ಲ. ಹಾಗಾಗಿ ಅದು ಕೋರ್ಟಿಗೆ ಸಾಕ್ಷ್ಯವಾಗಿ ಬರಬಹುದು. ರಾಜಿ ಮಾಡಿಕೊಳ್ಳುವ ಆಸೆಗೆ ಅಂಥ ಮೆಸೇಜ್ ಹಾಕಿ ಆಮೇಲೆ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಸಾಬೀತು ಮಾಡುವ ಹೊರೆ ನಿಮ್ಮದಲ್ಲ ಅಂದೆ, ಹಾಗಂತ ಕೈಕಟ್ಟಿ ಕೂರಬೇಡಿ. "ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ, ಬೇರೆ ಕಡೆ ಇದ್ದೆ" ಅಂತ ಹೇಳುವುದಾದರೆ ಅದನ್ನು ತೋರಿಸಬೇಕಾದವರು ನೀವೇ. ಅಂಗಡಿಯ ಸಿಸಿಟಿವಿ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಹಾಗಾಗಿ ಅದನ್ನು ಉಳಿಸಿಡಿ ಅಂತ ಮಾಲೀಕರಿಗೆ ಅವತ್ತೇ ಹೇಳಿ, ಬಸ್ ಟಿಕೆಟ್, ಯುಪಿಐ ರಸೀದಿ ಎಲ್ಲ ಒಂದು ಕಡೆ ಇಡಿ. ಎಲ್ಲವನ್ನೂ ವಕೀಲರ ಕೈಗೆ ಕೊಡಿ, ಸ್ಟೇಷನ್ ಮೇಜಿನ ಮೇಲೆ ಸುರಿಯಬೇಡಿ.

ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. "ಇಂಥವನ ಪರ ಯಾರೂ ವಾದಿಸಬಾರದು" ಅಂತ ವಕೀಲರ ಸಂಘವೇ ಠರಾವು ಮಾಡಿದರೂ ಅದು ನಿಲ್ಲುವುದಿಲ್ಲ. 2020ರಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹಾಗಾದಾಗ ನಮ್ಮ ಹೈಕೋರ್ಟ್ ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿತ್ತು.

ಜಾಮೀನು ಸಿಗದೆ ಒಳಗೇ ಉಳಿದರೆ ಕ್ಯಾಲೆಂಡರ್ ನೋಡುತ್ತಿರಿ. ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಕಳಿಸಿದ (ರಿಮಾಂಡ್) ದಿನದಿಂದ 60 ದಿನ, ಅಥವಾ ಗಲ್ಲು, ಜೀವಾವಧಿ, 10 ವರ್ಷ ಇಲ್ಲವೇ ಹೆಚ್ಚಿನ ಶಿಕ್ಷೆಯ ಕೇಸಾದರೆ 90 ದಿನ. ಅಷ್ಟರಲ್ಲಿ ಪೊಲೀಸರ ಚಾರ್ಜ್‌ಶೀಟ್ (ಆರೋಪಪಟ್ಟಿ) ಕೋರ್ಟಿಗೆ ಬರದಿದ್ದರೆ ಜಾಮೀನು ಕೇಳುವುದು ಹಕ್ಕು. ಆದರೆ ಅವಧಿ ಮುಗಿದ ಮೇಲೆ, ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು. ಒಂದು ದಿನ ತಡ ಮಾಡಿದಿರಿ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು ಅಂದರೆ ಆ ಹಕ್ಕು ಹೋಯಿತು.

ಎಲ್ಲ ಕೇಸಿಗೂ ಒಂದೇ ನಿಯಮ ಅಂದುಕೊಳ್ಳಬೇಡಿ. ಚೆಕ್ ಬೌನ್ಸ್, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ), ಎನ್‌ಡಿಪಿಎಸ್ (ಮಾದಕ ವಸ್ತು), ಮದುವೆಯಾದ 7 ವರ್ಷದೊಳಗಿನ ವರದಕ್ಷಿಣೆ ಸಾವು, ಇವುಗಳಲ್ಲಿ ಕೆಲವು ಮೂಲ ಸಂಗತಿಗಳು ಸಾಬೀತಾದರೆ ಕಾನೂನೇ ಆರೋಪಿಯ ವಿರುದ್ಧ ಒಂದು ಊಹೆ ಮಾಡಿಕೊಳ್ಳುತ್ತದೆ. ಆಗ ಸುಮ್ಮನಿದ್ದರೆ ಸಾಕಾಗಲ್ಲ. ಇಂಥ ಕೇಸಿಗೆ ಮೊದಲ ದಿನದಿಂದಲೇ ಅನುಭವ ಇರುವ ವಕೀಲರು ಬೇಕು.

ನೆಂಟರಿಗೆ ಏನು ಹೇಳೋದು? ನನ್ನ ಪ್ರಕಾರ "ಕೇಸ್ ನಡೀತಿದೆ" ಅನ್ನೋ ಎರಡೇ ಮಾತು ಸಾಕು. ಫೇಸ್‌ಬುಕ್‌ನಲ್ಲಿ ಸಮಜಾಯಿಷಿ ಬರೆಯಲು ಹೋಗಬೇಡಿ, ಅದಕ್ಕೂ ಸ್ಕ್ರೀನ್‌ಶಾಟ್ ಇರುತ್ತದೆ.

ನಮ್ಮ ಬೀದಿಯ ಹುಡುಗನಿಗೆ ಜಾಮೀನು ಸಿಕ್ಕಿತು, ಸೋದರಮಾವ ಪಹಣಿ ಹಿಡಿದುಕೊಂಡು ಬಂದು ಶ್ಯೂರಿಟಿ ನಿಂತರು. ಕೇಸ್ ಇನ್ನೂ ಮುಗಿದಿಲ್ಲ. ವಾಯಿದೆ ತಪ್ಪಿಸಿದರೆ ವಾರಂಟ್ ಬರುತ್ತದೆ ಅಂತ ವಕೀಲರು ಹೆದರಿಸಿದ್ದಾರೆ. ಅವನ ಅಮ್ಮ ಈಗ ಪ್ರತಿ ವಾಯಿದೆಯ ತಾರೀಖನ್ನೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದಿಡುತ್ತಾರೆ.