ಬ್ರಿಟನ್ನಿನಲ್ಲಿ ಖಾಸಗಿ ಶಾಲೆಗೆ ಹಣ ಕಟ್ಟುವ ಮೊದಲು

ಮಗುವಿಗೆ ಒಂಬತ್ತು ತುಂಬುತ್ತಿದ್ದಂತೆ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ: ಖಾಸಗಿ ಶಾಲೆಗೆ ಸೇರಿಸಬೇಕೇ, ಬೇಡವೇ? ನಾನು ರೆಡಿಂಗ್‌ನ ಒಂದು ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಜೊತೆಗೆ ಒಂದು ಪ್ರಾಥಮಿಕ ಶಾಲೆಯ ಆಡಳಿತ ಮಂಡಳಿಯಲ್ಲಿ ಸದಸ್ಯೆಯಾಗಿದ್ದೇನೆ. ಆದ್ದರಿಂದ ಪರಿಚಿತರು, ಪರಿಚಿತರ ಪರಿಚಿತರು ಈ ಪ್ರಶ್ನೆಯನ್ನು ನನ್ನ ಬಳಿಗೂ ತರುತ್ತಾರೆ. ಶುಲ್ಕ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಆ ಹಣಕ್ಕೆ ಏನು ಸಿಗುತ್ತದೆ, ಅದು ಸಿಗದ ಮಕ್ಕಳ ಪಾಡೇನು ಎಂದು ವಿಚಾರಿಸುವವರು ಕಡಿಮೆ. ಎರಡನ್ನೂ ಒಟ್ಟಿಗೆ ಯೋಚಿಸದೆ ಈ ನಿರ್ಧಾರ ಮಾಡಬಾರದು ಎಂಬುದು ನನ್ನ ನಂಬಿಕೆ. ಇಲ್ಲಿ ಹೇಳುವ ನಿಯಮಗಳು ಇಂಗ್ಲೆಂಡಿನವು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ವ್ಯವಸ್ಥೆ ಬೇರೆ.

ಎಲ್ಲಕ್ಕಿಂತ ಮೊದಲು ಒಂದು ಭಯವನ್ನು ಬಿಡಿ. ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಬಂದವರ ಮಕ್ಕಳಿಗೂ ಸರ್ಕಾರಿ ಶಾಲೆ ಉಚಿತ. ಈ ದೇಶದ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತಮೂರು ಮಕ್ಕಳು ಓದುವುದು ಅಲ್ಲೇ. ಅವರಲ್ಲಿ ವೈದ್ಯರ ಮಕ್ಕಳಿದ್ದಾರೆ, ಬಸ್ ಚಾಲಕರ ಮಕ್ಕಳಿದ್ದಾರೆ, ಪ್ರಾಧ್ಯಾಪಕರ ಮಕ್ಕಳೂ ಇದ್ದಾರೆ. ಸರ್ಕಾರಿ ಶಾಲೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಮುಖ ಬಾಡುವುದನ್ನು ಕಂಡು ನನಗೆ ನೋವಾಗುತ್ತದೆ. ಎಲ್ಲೋ ಕಂಡ ಶಾಲೆಯ ನೆನಪಿನ ಮೇಲೆ ಇಲ್ಲಿನ ಶಾಲೆಯನ್ನು ಅಳೆಯಬೇಡಿ. ಪೋಷಕರಿಗಾಗಿ ಶಾಲೆ ಬಾಗಿಲು ತೆರೆದಿಡುವ ದಿನ ಒಳಗೆ ಹೋಗಿ ನೋಡಿ.

ಲೆಕ್ಕವನ್ನು ಪೂರ್ತಿ ಹಾಕಿ

ಮನೆಯಿಂದ ಹೋಗಿ ಬರುವ ಮಕ್ಕಳಿಗೆ ಖಾಸಗಿ ಶಾಲೆಯ ಸರಾಸರಿ ಶುಲ್ಕ 2024ರ ಹೊತ್ತಿಗೆ ವರ್ಷಕ್ಕೆ 18,000 ಪೌಂಡ್ ಆಸುಪಾಸಿನಲ್ಲಿತ್ತು. 2025ರ ಜನವರಿ 1ರಿಂದ ಅದರ ಮೇಲೆ ಶೇ. 20 ವ್ಯಾಟ್ ಬಂದಿದೆ. ಕೆಲವು ಶಾಲೆಗಳು ಆ ಭಾರದಲ್ಲಿ ಒಂದು ಪಾಲನ್ನು ತಾವೇ ಹೊತ್ತಿವೆ. ಪೂರ್ತಿ ತೆರಿಗೆ ಸೇರಿಸಿದರೆ 21,600 ಪೌಂಡ್ ಆಗುತ್ತದೆ. ಹನ್ನೊಂದನೆಯ ವಯಸ್ಸಿನ ಏಳನೆಯ ತರಗತಿಯಿಂದ ಹದಿನೆಂಟಕ್ಕೆ ಮುಗಿಯುವ ಹದಿಮೂರನೆಯ ತರಗತಿಯವರೆಗೆ ಏಳು ವರ್ಷ; ಶುಲ್ಕ ಒಂದು ಪೌಂಡೂ ಏರದಿದ್ದರೆ ಒಂದು ಮಗುವಿಗೆ 1,51,200 ಪೌಂಡ್. ಶುಲ್ಕ ಏರದೆ ಇರುವುದಿಲ್ಲ. ಸಮವಸ್ತ್ರ, ಶಾಲಾ ಬಸ್, ಪ್ರವಾಸ, ಸಂಗೀತ ಪಾಠ ಇವು ಬೇರೆ. ಎರಡನೆಯ ಮಗು ಇದ್ದರೆ ಮೊದಲನೆಯ ದಿನವೇ ಎರಡರಿಂದ ಗುಣಿಸಿ. ಅಕ್ಕನಿಗೆ ಒಂದು, ತಮ್ಮನಿಗೆ ಇನ್ನೊಂದು ಎಂಬ ಮಾತು ಮನೆಯೊಳಗೆ ಉಳಿದುಬಿಡುತ್ತದೆ.

ಈ ಹಣ ತೆರಿಗೆ ಕಳೆದು ಕೈಗೆ ಬಂದ ಹಣ ಎಂಬುದನ್ನು ಮರೆಯಬೇಡಿ. ಇಂಗ್ಲೆಂಡಿನಲ್ಲಿ ಸಂಬಳದಲ್ಲಿ 50,270 ಪೌಂಡ್ ದಾಟಿದ ಭಾಗಕ್ಕೆ ಶೇ. 40 ಆದಾಯ ತೆರಿಗೆ, ಶೇ. 2 ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ಕಡ್ಡಾಯ ವಂತಿಗೆ) ಕಡಿತವಾಗುತ್ತದೆ. ಆ ಭಾಗದಿಂದ 21,600 ಪೌಂಡ್ ಕಟ್ಟಲು ಸುಮಾರು 37,000 ಪೌಂಡ್ ದುಡಿಯಬೇಕು.

ಇಲ್ಲಿ ನಮ್ಮವರು ಗಮನಿಸದ ಸಂಗತಿಯೊಂದಿದೆ. ಆ ಶಾಲೆಗಳಲ್ಲಿ ನೆಮ್ಮದಿಯಾಗಿ ಶುಲ್ಕ ಕಟ್ಟುವ ಅನೇಕ ಕುಟುಂಬಗಳು ಸಂಬಳದಿಂದ ಕಟ್ಟುವುದಿಲ್ಲ. ಅಜ್ಜ ಅಜ್ಜಿಯರ ಉಳಿತಾಯ, ಎಂದೋ ಕೊಂಡು ಸಾಲ ತೀರಿದ ಮನೆ, ಷೇರುಗಳು ಅವರ ಬೆನ್ನಿಗಿರುತ್ತವೆ. ಹಿರಿಯರು ಬದುಕಿರುವಾಗಲೇ ಕೊಟ್ಟ ಹಣ, ಕೊಟ್ಟ ಮೇಲೆ ಅವರು ಏಳು ವರ್ಷ ಬದುಕಿದ್ದರೆ, ಸಾಮಾನ್ಯವಾಗಿ ಪಿತ್ರಾರ್ಜಿತ ತೆರಿಗೆಯಿಂದ ಹೊರಗುಳಿಯುತ್ತದೆ. ಹೀಗೆ ಒಂದು ತಲೆಮಾರಿನ ಆಸ್ತಿ ಇನ್ನೊಂದು ತಲೆಮಾರಿನ ವಿದ್ಯೆಯಾಗಿ, ಮತ್ತೆ ಆಸ್ತಿಯಾಗಿ ಹರಿಯುತ್ತದೆ. ಕೆಲಸ ಕೈ ತಪ್ಪಿದರೆ ಮೂರು ತಿಂಗಳು ತಡೆಯಲಾರದ ಕುಟುಂಬ ಅವರ ಪಕ್ಕದಲ್ಲಿ ನಿಂತು ಅದೇ ಬಿಲ್ ಕಟ್ಟುತ್ತದೆ. ಒಂದು ವರ್ಷದ ಶುಲ್ಕ ನಿಮ್ಮ ಉಳಿತಾಯದಲ್ಲಿ ಮುಟ್ಟದೆ ಉಳಿಯುವಂತಿಲ್ಲದಿದ್ದರೆ ಹೆಜ್ಜೆ ಇಡಬೇಡಿ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಒಪ್ಪಂದವನ್ನು ಓದಿ: ಮಗುವನ್ನು ಬಿಡಿಸಬೇಕಾದರೆ ಒಂದು ಪೂರ್ಣ ಶಾಲಾ ಅವಧಿಯ (ಟರ್ಮ್) ಮುನ್ಸೂಚನೆ ಕೊಡಬೇಕು, ಇಲ್ಲವೇ ಆ ಅವಧಿಯ ಶುಲ್ಕ ತೆರಬೇಕು ಎಂದು ಬಹುತೇಕ ಎಲ್ಲೆಡೆ ಬರೆದಿರುತ್ತದೆ.

ರಿಷಿ ಸುನಕ್ ಅವರ ಉದಾಹರಣೆ ಇಲ್ಲಿ ಬಂದೇ ಬರುತ್ತದೆ. ತಂದೆ ವೈದ್ಯರು, ತಾಯಿ ಔಷಧದಂಗಡಿ ನಡೆಸುತ್ತಿದ್ದರು, ಮಗ ವಿಂಚೆಸ್ಟರ್ ಎಂಬ ಹೆಸರಾಂತ ಖಾಸಗಿ ಶಾಲೆಯಲ್ಲಿ ಓದಿ ಪ್ರಧಾನಿಯಾದರು. ನಿಜ. ಆದರೆ ಅವರು ಶಾಲೆಯಲ್ಲಿ ಓದಿದ್ದು ಮೂವತ್ತು ವರ್ಷಗಳ ಹಿಂದಿನ ಮಾತು. ಅಲ್ಲಿಂದೀಚೆಗೆ ಶುಲ್ಕ ಸಂಬಳಗಳಿಗಿಂತ ಬಹಳ ವೇಗವಾಗಿ ಏರಿದೆ.

ಹಣಕ್ಕೆ ಏನು ಸಿಗುತ್ತದೆ

ಸಣ್ಣ ತರಗತಿ ಸಿಗುತ್ತದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಒಬ್ಬ ಶಿಕ್ಷಕರಿಗೆ ಸರಾಸರಿ 18 ಮಕ್ಕಳಿದ್ದರೆ ಖಾಸಗಿ ಶಾಲೆಗಳಲ್ಲಿ ಅದರ ಅರ್ಧ. ಮೂವತ್ತು ಮಕ್ಕಳ ತರಗತಿಯಲ್ಲಿ ನಿಂತು ಕಲಿಸುವ ನನಗೆ ಈ ವ್ಯತ್ಯಾಸದ ತೂಕ ಗೊತ್ತು. ಅರ್ಥವಾಗದಿದ್ದರೂ ಸುಮ್ಮನೆ ಕುಳಿತಿರುವ ಮಗುವಿನ ಬಳಿ ಹೋಗಲು ಅಲ್ಲಿನ ಶಿಕ್ಷಕರಿಗೆ ಸಮಯವಿರುತ್ತದೆ. ಮೈದಾನ, ರಂಗಮಂದಿರ, ವಾದ್ಯವೃಂದ, ವಿಶ್ವವಿದ್ಯಾಲಯದ ಅರ್ಜಿಗೆ ಅನುಭವಿಗಳ ಮಾರ್ಗದರ್ಶನ ಇವೆಲ್ಲ ಇರುತ್ತವೆ. ಅಪರಿಚಿತ ಹಿರಿಯರ ಎದುರು ಅಳುಕಿಲ್ಲದೆ ಮಾತನಾಡುವುದನ್ನು ಚಿಕ್ಕಂದಿನಿಂದಲೇ ರೂಢಿ ಮಾಡಿಸುತ್ತಾರೆ.

ಮುಂದಿನ ಬದುಕಿನಲ್ಲಿ ಅದರ ಫಲ ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಶಿಕ್ಷಣದಲ್ಲಿ ಸಮಾನ ಅವಕಾಶಕ್ಕಾಗಿ ದುಡಿಯುವ ಸಟನ್ ಟ್ರಸ್ಟ್ ಮತ್ತು ಅದೇ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಸೋಷಿಯಲ್ ಮೊಬಿಲಿಟಿ ಕಮಿಷನ್ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹಿರಿಯ ನ್ಯಾಯಾಧೀಶರಲ್ಲಿ ಶೇ. 65 ಮಂದಿ, ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಸದಸ್ಯರಲ್ಲಿ ಶೇ. 57 ಮಂದಿ, ಸರ್ಕಾರದ ಉನ್ನತ ಕಾರ್ಯದರ್ಶಿಗಳಲ್ಲಿ ಶೇ. 59 ಮಂದಿ ಖಾಸಗಿ ಶಾಲೆಯಲ್ಲಿ ಓದಿದವರು. ದೇಶದ ಶೇ. 7ರಷ್ಟು ಮಕ್ಕಳು ಓದುವ ಶಾಲೆಗಳಿವು! ನನ್ನ ತರಗತಿಯಲ್ಲಿ ಬೀಜಗಣಿತವನ್ನು ಬಾಯಲ್ಲೇ ಬಿಡಿಸುವ ಹುಡುಗಿಯೊಬ್ಬಳಿದ್ದಾಳೆ, ಅವಳ ತಾಯಿ ಕಚೇರಿಗಳನ್ನು ಗುಡಿಸುತ್ತಾರೆ. ಈ ಅಂಕಿಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಅವಳು ಬರುತ್ತಾಳೆ.

ಆದರೂ ಒಂದು ಎಚ್ಚರಿಕೆ. ಈ ಫಲದಲ್ಲಿ ಎಷ್ಟು ಪಾಲು ಶಾಲೆಯದು, ಎಷ್ಟು ಪಾಲು ಮನೆಯದು ಎಂದು ಬಿಡಿಸುವುದು ಕಷ್ಟ. ಪ್ರವೇಶ ಪರೀಕ್ಷೆ ಇಟ್ಟು ಜಾಣ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಯ ಫಲಿತಾಂಶ ಚೆನ್ನಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಓದಿದ ತಂದೆ ತಾಯಿ, ಪುಸ್ತಕ, ಶಾಂತವಾದ ಮೇಜು ಇರುವ ಮಗುವಿಗೆ ಹದಿನಾರನೆಯ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರಲು 1,51,200 ಪೌಂಡ್ ಬೇಕಿಲ್ಲ. ನಿಮ್ಮ ಮನೆಯಲ್ಲಿ ಇವೆಲ್ಲ ಇದ್ದರೆ, ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ಸೌಕರ್ಯ ಮತ್ತು ಸಹವಾಸ. ಅದು ಬೇಕೇ ಎಂದು ಕೇಳಿಕೊಳ್ಳಿ.

ಶಾಲೆಯ ಲೆಕ್ಕಪತ್ರ ಓದಿ

ಇದನ್ನು ಬಹಳ ಮಂದಿ ಮಾಡುವುದಿಲ್ಲ. ಅರ್ಧ ಗಂಟೆಯ ಕೆಲಸ. ಇಲ್ಲಿನ ಅನೇಕ ಖಾಸಗಿ ಶಾಲೆಗಳು ಕಾನೂನಿನ ಪ್ರಕಾರ ಧರ್ಮಾರ್ಥ ಸಂಸ್ಥೆಗಳು. ಅಂಥ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್‌ನ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿದರೆ ವಾರ್ಷಿಕ ಲೆಕ್ಕಪತ್ರ ಸಿಗುತ್ತದೆ. ಒಟ್ಟು ಶುಲ್ಕದ ಆದಾಯ ಎಷ್ಟು, ಅದರಲ್ಲಿ ಬರ್ಸರಿಗೆ ಹೋದದ್ದು ಎಷ್ಟು ಎಂದು ನೋಡಿ ಭಾಗಿಸಿ. ಬರ್ಸರಿ ಕುಟುಂಬದ ಆದಾಯ ನೋಡಿ ಕೊಡುವ ನೆರವು. ಸ್ಕಾಲರ್‌ಶಿಪ್ ಪ್ರತಿಭೆಗೆ ಕೊಡುವುದು. ಅದು ಶ್ರೀಮಂತರ ಮಗುವಿಗೂ ಹೋಗಬಹುದು. ಸಿಬ್ಬಂದಿಯ ಮಕ್ಕಳಿಗೆ, ಒಡಹುಟ್ಟಿದವರಿಗೆ ಕೊಡುವ ರಿಯಾಯಿತಿ ಬೇರೆಯೇ. ಕೆಲವು ಶಾಲೆಗಳು ಎಲ್ಲವನ್ನೂ ಒಂದೇ ಮೊತ್ತದಲ್ಲಿ ಸೇರಿಸಿ ತೋರಿಸುತ್ತವೆ.

ಈ ಲೆಕ್ಕ ಯಾಕೆ ಕೇಳಬೇಕು ಎಂಬುದಕ್ಕೆ ಇತಿಹಾಸವೇ ಕಾರಣ. ವಿಂಚೆಸ್ಟರ್ ಶಾಲೆ ಶುರುವಾದದ್ದು 1382ರಲ್ಲಿ, ಈಟನ್ 1440ರಲ್ಲಿ. ಆರನೆಯ ಹೆನ್ರಿ ದೊರೆ ಈಟನ್ ಕಟ್ಟಿಸಿದ್ದು 70 ಬಡ ಹುಡುಗರಿಗೆ ಉಚಿತವಾಗಿ ವಿದ್ಯೆ ಕೊಡಲೆಂದು. ಇಂದು ತೆರಿಗೆಯೂ ಸೇರಿ ಅಲ್ಲಿನ ವಾರ್ಷಿಕ ಶುಲ್ಕ 60,000 ಪೌಂಡ್ ದಾಟಿದೆ. ಅಲ್ಲಿ ಓದಿದವರಲ್ಲಿ 20 ಮಂದಿ ಪ್ರಧಾನಿಗಳಾಗಿದ್ದಾರೆ. ಹ್ಯಾರೋ ಶಾಲೆಗೆ 1572ರಲ್ಲಿ ರಾಣಿ ಮೊದಲನೆಯ ಎಲಿಜಬೆತ್ ಸನ್ನದು ಕೊಟ್ಟಳು. ಜಾನ್ ಲಯನ್ ಎಂಬ ಸ್ಥಳೀಯ ರೈತ ತನ್ನ ಊರಿನ ಹುಡುಗರಿಗಾಗಿ ಅದನ್ನು ಸ್ಥಾಪಿಸಿದ್ದ. ಕಾಲಕ್ರಮದಲ್ಲಿ ಹೊರಗಿನಿಂದ ಬಂದ ಶ್ರೀಮಂತರ ಮಕ್ಕಳೇ ತುಂಬಿಕೊಂಡರು, ಊರಿನ ಹುಡುಗರಿಗಾಗಿ 1876ರಲ್ಲಿ ಬೇರೊಂದು ಶಾಲೆ ತೆರೆಯಬೇಕಾಯಿತು. ಬಡವರ ಹೆಸರಿನಲ್ಲಿ ಬಂದ ಜಮೀನು, ಕಟ್ಟಡ, ದತ್ತಿ ಹೀಗೆ ಕೈ ಬದಲಾಯಿಸಿದವು. 1868ರ ಪಬ್ಲಿಕ್ ಸ್ಕೂಲ್ಸ್ ಕಾಯ್ದೆ (ಹಳೆಯ ಖಾಸಗಿ ಶಾಲೆಗಳಿಗೆ ಇಲ್ಲಿ ಪಬ್ಲಿಕ್ ಸ್ಕೂಲ್ ಎಂದೇ ಹೆಸರು) ಇಂತಹ ಏಳು ಶಾಲೆಗಳ ಆಡಳಿತವನ್ನು ಹೊಸದಾಗಿ ರೂಪಿಸಿತು. ಈ ಕಥೆ ಗೊತ್ತಿದ್ದರೆ ಬರ್ಸರಿ ಕೇಳುವಾಗ ತಲೆ ತಗ್ಗಿಸಬೇಕು ಎನಿಸುವುದಿಲ್ಲ.

ಹಾಗಾದರೆ ಏನು ಕೇಳಬೇಕು? ಈ ವರ್ಷ ಏಳನೆಯ ತರಗತಿಗೆ ಸೇರಿದವರಲ್ಲಿ ಒಂದು ಪೌಂಡೂ ಶುಲ್ಕ ಕಟ್ಟದ ಮಕ್ಕಳು ಎಷ್ಟು? ಸಮವಸ್ತ್ರ, ಪ್ರವಾಸ, ಬಸ್ಸಿಗೂ ನೆರವು ಉಂಟೇ? ಪ್ರತಿ ವರ್ಷ ಮರುಪರಿಶೀಲನೆಯಾದಾಗ ನೆರವು ಕಡಿತವಾಗಬಹುದೇ? ಮನೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ನಿಜವಾಗಿ ಆದಾಯ ಕಡಿಮೆ ಇರುವವರು ಹಾರ್ಶಮ್ ಬಳಿಯ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ಬಗ್ಗೆ ತಪ್ಪದೆ ವಿಚಾರಿಸಿ. ಹದಿನಾರನೆಯ ಶತಮಾನದ ಆ ಸಂಸ್ಥೆ ತನ್ನ ಮೂಲ ಉದ್ದೇಶವನ್ನು ಇತರ ಶಾಲೆಗಳಿಗಿಂತ ಹೆಚ್ಚು ನಿಷ್ಠೆಯಿಂದ ಉಳಿಸಿಕೊಂಡಿದೆ; ಅಲ್ಲಿ ಬಹಳಷ್ಟು ಮಕ್ಕಳು ಆದಾಯಕ್ಕೆ ತಕ್ಕ ಕಡಿಮೆ ಶುಲ್ಕದಲ್ಲಿ ಓದುತ್ತಾರೆ.

ತಾರೀಖುಗಳು

ಖಾಸಗಿ ಶಾಲೆಗೆ ಪ್ರಯತ್ನಿಸುತ್ತಿದ್ದರೂ ಸರ್ಕಾರಿ ಸೆಕೆಂಡರಿ ಶಾಲೆಗೆ ಅಕ್ಟೋಬರ್ 31ರೊಳಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಿ. ಫಲಿತಾಂಶ ಮಾರ್ಚ್ 1ಕ್ಕೆ ಬರುತ್ತದೆ. ಪ್ರಾಥಮಿಕ ಶಾಲೆಗಾದರೆ ಜನವರಿ 15 ಮತ್ತು ಏಪ್ರಿಲ್ 16. ಶಾಲೆಗಳನ್ನು ನಿಮಗೆ ಬೇಕಾದ ಕ್ರಮದಲ್ಲೇ ಬರೆಯಿರಿ. ನೀವು ಕೊಟ್ಟ ಸ್ಥಾನವನ್ನು ನೋಡಿ ಶಾಲೆ ಸೀಟು ಕೊಡುವುದಿಲ್ಲ.

ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆಗಳೂ ಇವೆ; ಅವೇ ಗ್ರಾಮರ್ ಶಾಲೆಗಳು. ಅವಕ್ಕೆ ಆರನೆಯ ತರಗತಿಯ ಸೆಪ್ಟೆಂಬರಿನಲ್ಲಿ ಪರೀಕ್ಷೆ, ಅದಕ್ಕೆ ಬೇಸಿಗೆ ರಜೆಗೆ ಮೊದಲೇ ನೋಂದಣಿ. ಇಂಗ್ಲೆಂಡಿನಲ್ಲಿ ಉಳಿದಿರುವುದು 163 ಗ್ರಾಮರ್ ಶಾಲೆಗಳು. ರೆಡಿಂಗ್‌ನಲ್ಲಿ ಎರಡು ಇವೆ, ಪಕ್ಕದ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಇಡೀ ಕೌಂಟಿಯೇ ಆ ಪದ್ಧತಿಯಲ್ಲಿದೆ. ಶುಲ್ಕವಿಲ್ಲ ಎಂಬ ಕಾರಣಕ್ಕೆ ಇವು ಎಲ್ಲರಿಗೂ ಸಮಾನ ಎಂದು ತಿಳಿಯಬೇಡಿ. ಎರಡು ವರ್ಷ ಟ್ಯೂಷನ್‌ಗೆ ಕಳುಹಿಸಲು ಆಗದವರ ಮಕ್ಕಳು, ಬಡತನದ ಕಾರಣಕ್ಕೆ ಶಾಲೆಯಲ್ಲಿ ಉಚಿತ ಊಟ ಪಡೆಯುವ ಮಕ್ಕಳು ಅಲ್ಲಿ ಬಹಳ ಕಡಿಮೆ. ಪ್ರವೇಶ ಪರೀಕ್ಷೆಯಿಲ್ಲದ, ಒಳ್ಳೆಯ ಹೆಸರಿನ ಕಾಂಪ್ರಿಹೆನ್ಸಿವ್ ಶಾಲೆಗಳ ಸುತ್ತಲೂ ಅಷ್ಟೇ: ಮನೆ ಶಾಲೆಯಿಂದ ಎಷ್ಟು ದೂರವಿದೆ ಎಂದು ನೋಡಿ ಸೀಟು ಕೊಡುವುದರಿಂದ ಹತ್ತಿರದ ಮನೆಗಳ ಬೆಲೆ ಏರಿ, ಶುಲ್ಕದ ಬದಲು ಗೃಹಸಾಲದ ಕಂತು ಕಟ್ಟಿದಂತಾಗುತ್ತದೆ.

ಸರ್ಕಾರಿ ಶಾಲೆಯನ್ನು ಅಳೆಯುವುದು

ಒಟ್ಟು ಅಂಕ ನೋಡಿ ನಿರ್ಧರಿಸಬೇಡಿ. ಪ್ರೋಗ್ರೆಸ್ 8 ಎಂಬ ಅಳತೆ, ಸೇರುವಾಗ ಮಗು ಎಲ್ಲಿತ್ತು, ಹದಿನಾರಕ್ಕೆ ಎಲ್ಲಿಗೆ ತಲುಪಿತು ಎಂಬುದನ್ನು ಹೇಳುತ್ತದೆ. ಸೊನ್ನೆಗಿಂತ ಮೇಲಿದ್ದರೆ ಶಾಲೆ ಸರಾಸರಿಗಿಂತ ಹೆಚ್ಚು ಕಲಿಸಿದೆ. ಕೋವಿಡ್‌ನಿಂದ 2020, 2021ರಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಗಳು ನಡೆಯಲಿಲ್ಲ. ಹಾಗಾಗಿ 2025 ಮತ್ತು 2026ರ ತಂಡಗಳಿಗೆ ಈ ಅಂಕಿ ಇಲ್ಲ, 2024ರದನ್ನೇ ನೋಡಿ. ಶಾಲೆಗಳ ಫಲಿತಾಂಶದ ಸರ್ಕಾರಿ ಪಟ್ಟಿಯಲ್ಲಿ ಹೆಸರಾಂತ ಖಾಸಗಿ ಶಾಲೆಯ ಎದುರು ಸೊನ್ನೆ ಕಂಡರೆ ಗಾಬರಿಯಾಗಬೇಡಿ. ಜಿಸಿಎಸ್‌ಇ ಬದಲು ಅಲ್ಲಿ ಮಕ್ಕಳು ಬರೆಯುವ ಐಜಿಸಿಎಸ್‌ಇ ಎಂಬ ಪರೀಕ್ಷೆ ಆ ಪಟ್ಟಿಗೆ ಸೇರುವುದಿಲ್ಲ. ಗಣಿತ, ಭೌತಶಾಸ್ತ್ರಕ್ಕೆ ಆ ವಿಷಯ ಓದಿದ ಶಿಕ್ಷಕರು ಇದ್ದಾರೆಯೇ, ಕಳೆದ ವರ್ಷ ಎಷ್ಟು ಮಂದಿ ಶಿಕ್ಷಕರು ಬಿಟ್ಟು ಹೋದರು ಎಂದು ಮುಖ್ಯೋಪಾಧ್ಯಾಯರನ್ನು ನೇರವಾಗಿ ಕೇಳಿ. ನನ್ನ ಅನುಭವದಲ್ಲಿ ಶಾಲೆಯ ಆರೋಗ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪ್ರಶ್ನೆ ಇಲ್ಲ.

ಎಲ್ಲಿ ಸೇರಿಸಿದರೂ ಮಾಡಬೇಕಾದ ಕೆಲಸ

ಖಾಸಗಿ ಶಾಲೆಯನ್ನೇ ಆರಿಸಿದ ಸ್ನೇಹಿತರು ನನಗಿದ್ದಾರೆ. ಕಿವಿ ಮಂದವಿರುವ ಮಗುವಿಗೆ ಸಣ್ಣ ತರಗತಿ ಬೇಕೆಂದು ಹಾಗೆ ಮಾಡಿದವರನ್ನು ನಾನು ಹೇಗೆ ದೂರಲಿ? ಅಂಥವರಿಗೂ, ಉಳಿದವರಿಗೂ ನನ್ನ ಕೋರಿಕೆ ಒಂದೇ. ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಆಡಳಿತ ಮಂಡಳಿಗೆ ಸೇರಿ. ಗವರ್ನರ್, ಅಂದರೆ ಆ ಮಂಡಳಿಯ ಸದಸ್ಯರು, ಆಗಲು ಅಲ್ಲಿ ನಿಮ್ಮ ಮಗು ಓದಬೇಕೆಂದಿಲ್ಲ. ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ, ಸಂಬಳವಿಲ್ಲ, ಸಭೆಗಳು ಹೆಚ್ಚಾಗಿ ಸಂಜೆ. ಕೌನ್ಸಿಲ್‌ಗೆ ಅಥವಾ ಗವರ್ನರ್ಸ್ ಫಾರ್ ಸ್ಕೂಲ್ಸ್ ಸಂಸ್ಥೆಗೆ ಬರೆದರೆ ಖಾಲಿ ಇರುವ ಸ್ಥಾನ ತಿಳಿಸುತ್ತಾರೆ. ಲೆಕ್ಕಪತ್ರ ಓದಬಲ್ಲವರು, ಕಂಪ್ಯೂಟರ್ ವ್ಯವಸ್ಥೆ ಬಲ್ಲವರು ಅಲ್ಲಿ ತುಂಬಾ ಬೇಕು. ನಮ್ಮವರಲ್ಲಿ ಅಂಥವರಿಗೆ ಕೊರತೆಯಿಲ್ಲ.

ಮೊದಲ ಸಭೆಗೆ ಮುನ್ನ ಶಾಲೆಯ ಜಾಲತಾಣದಲ್ಲಿ ಪ್ಯೂಪಿಲ್ ಪ್ರೀಮಿಯಂ ವರದಿಯನ್ನು ಓದಿ. ಬಡ ಮಕ್ಕಳ ಕಲಿಕೆಗೆಂದು ಸರ್ಕಾರ 2011ರಿಂದ ಕೊಡುತ್ತಿರುವ ಹಣವಿದು. ಅದನ್ನು ಹೇಗೆ ಬಳಸುತ್ತೇವೆ ಎಂದು ಪ್ರತಿ ಶಾಲೆಯೂ ವರ್ಷವರ್ಷ ಡಿಸೆಂಬರ್ 31ರೊಳಗೆ ಪ್ರಕಟಿಸಬೇಕು. ಆ ಹಣದಿಂದ ಯಾವ ಮಕ್ಕಳಿಗೆ ವಾರಕ್ಕೆ ಎಷ್ಟು ಗಂಟೆ ಹೆಚ್ಚಿನ ಪಾಠ ಸಿಕ್ಕಿತು, ಅದರಿಂದ ಅವರ ಓದು ಎಷ್ಟು ಸುಧಾರಿಸಿತು ಎಂದು ಸಭೆಯಲ್ಲಿ ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಮತ್ತೆ ಬರೆಸಿ.